ಟೂರಿಂಗ್ ಬೈಕ್ ತಗೋಬೇಕು, ರೊಕ್ಕಕ್ಕೆ ತಕ್ಕದ್ದು ಯಾವುದು? ಕಲಬುರಗಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯವನು. ಹದಿನಾಲ್ಕು ವರ್ಷದಲ್ಲಿ ಮೂರು ಗಾಡಿ ಬದಲಿಸಿದ್ದೇನೆ. ಮೊದಲನೆಯದನ್ನು ಅಗ್ಗ ಅಂತ ತಗೊಂಡೆ, ಎರಡನೆಯದನ್ನು ದುಬಾರಿ ಅಂತ ತಗೊಂಡೆ. ಎರಡು ಸಲವೂ ಕೈ ಸುಟ್ಟುಕೊಂಡೆ. ಮೂರನೆಯದಕ್ಕೆ ಒಂದು ವಹಿ ಇಟ್ಟು ಪೆಟ್ರೋಲ್, ಟೈರ್, ಸರ್ವಿಸ್, ಪಂಚರ್ ಎಲ್ಲ ಬರೆಯುತ್ತಾ ಬಂದೆ. ಆ ವಹಿಯ ಸುದ್ದಿ ಹೇಗೋ ಹರಡಿ, ಹೊಸ ಗಾಡಿ ನೋಡುತ್ತಿರುವವರೆಲ್ಲ ಒಂದೊಂದೇ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ಶೋರೂಮ್‌ನಲ್ಲಿ 2 ಲಕ್ಷ ಅಂತಾರೆ, ಬಿಲ್ ನೋಡಿದ್ರೆ ಎರಡೂವರೆ. ನಡುವಿನ ರೊಕ್ಕ ಎಲ್ಲಿ ಹೋಯ್ತು?

ಬಹುಪಾಲು ಸರ್ಕಾರಕ್ಕೆ. ನಮ್ಮ ರಾಜ್ಯದಲ್ಲಿ 1 ಲಕ್ಷಕ್ಕಿಂತ ಜಾಸ್ತಿ ಬೆಲೆಯ ದ್ವಿಚಕ್ರ ವಾಹನಕ್ಕೆ ರೋಡ್ ಟ್ಯಾಕ್ಸ್ 18%. ಆ ಟ್ಯಾಕ್ಸಿನ ಮೇಲೆ ಮತ್ತೆ 11% ಸೆಸ್. 2 ಲಕ್ಷದ ಗಾಡಿಗೆ 36,000 ಟ್ಯಾಕ್ಸ್, 3,960 ಸೆಸ್, ಒಟ್ಟು 39,960 ರೂಪಾಯಿ. ಇನ್ನು ಹೊಸ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು, ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆಯನ್ನು, ಒಂದೇ ಸಲ ಕಟ್ಟಬೇಕು. 2018ರ ಸೆಪ್ಟೆಂಬರ್‌ನಿಂದ ಇದು ಕಡ್ಡಾಯ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಲ್ಲಿ 150ರಿಂದ 350 ಸಿಸಿಯ ಗಾಡಿಗೆ ಇದು 7,365 ರೂಪಾಯಿ, ಅದರ ಮೇಲೆ ಜಿಎಸ್‌ಟಿ ಬೇರೆ. ಇಷ್ಟಕ್ಕೇ 48 ಸಾವಿರ ದಾಟಿತು. ನಿಮ್ಮ ಗಾಡಿಗೆ ಆಗುವ ಹಾನಿಯ ವಿಮೆ, ಸವಾರನ ಅಪಘಾತ ವಿಮೆ, ನೋಂದಣಿ ಶುಲ್ಕ ಸೇರಿದರೆ ಎರಡೂವರೆ ಆಗಲೇಬೇಕು.

ಹಾಗಾಗಿ ಎರಡು ಗಾಡಿ ಹೋಲಿಸುವಾಗ ಎಕ್ಸ್‌ಶೋರೂಮ್ ಬೆಲೆ (ರೋಡ್ ಟ್ಯಾಕ್ಸ್, ವಿಮೆ ಸೇರದ ಬೆಲೆ) ಹಿಡಿದು ಕೂಡಬೇಡಿ. ಕಾಗದದ ಮೇಲೆ 30 ಸಾವಿರ ಕಾಣುವ ಅಂತರ ರಸ್ತೆಗೆ ಇಳಿಯುವ ಹೊತ್ತಿಗೆ 36 ಸಾವಿರ ಆಗಿರುತ್ತದೆ. "ಆನ್‌ರೋಡ್ ಎಷ್ಟು, ಬಿಡಿಬಿಡಿಯಾಗಿ ಬರೆದು ಕೊಡ್ರಿ" ಅಂತ ಕೇಳಿ. ಆ ಚೀಟಿಯಲ್ಲಿ ಹ್ಯಾಂಡ್ಲಿಂಗ್, ಲಾಜಿಸ್ಟಿಕ್ಸ್ ಅಂತ ಒಂದು ಸಾಲು ಬಂದರೆ "ಇದು ಯಾತಕ್ಕ?" ಅಂತ ಕೇಳಿ ಸುಮ್ಮನೆ ಅವರ ಮುಖ ನೋಡುತ್ತಾ ನಿಂತುಬಿಡಿ. ಎಷ್ಟೋ ಸಲ ಆ ಸಾಲು ತಾನಾಗೇ ಅಳಿಯುತ್ತದೆ. ವಿಮೆಯನ್ನೂ ಅಲ್ಲೇ ಮಾಡಿಸಬೇಕು ಅಂತೇನಿಲ್ಲ. ಹೊರಗೆ ದರ ಕೇಳಿಕೊಂಡು ಹೋಗಿ, ಅದೇ ದರಕ್ಕೆ ಅವರೂ ಇಳಿಯುತ್ತಾರೆ.

350 ಸಿಸಿ ಗೆರೆ ಅಂತ ಎಲ್ಲರೂ ಮಾತಾಡ್ತಾರೆ. ಅಷ್ಟು ವ್ಯತ್ಯಾಸ ಇದೆಯಾ?

ಇದೆ, ಅದೂ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ 28ರಿಂದ 18%ಗೆ ಇಳಿಯಿತು. ಅದರ ಮೇಲಿನವಕ್ಕೆ ಮೊದಲು ಸೆಸ್ ಸೇರಿ 31% ಇತ್ತು, ಅದು 40%ಗೆ ಏರಿತು.

ಲೆಕ್ಕಕ್ಕೆ ಹೀಗೆ ನೋಡಿ. ತೆರಿಗೆ ಇಲ್ಲದೆ 2 ಲಕ್ಷ ಬೀಳುವ ಎರಡು ಗಾಡಿ, ಒಂದು ಗೆರೆಯ ಈಚೆ, ಒಂದು ಆಚೆ. ಈಚೆಯದು 2,36,000 ಆಗುತ್ತದೆ, ಆಚೆಯದು 2,80,000. ಅಂತರ 44,000. ನಮ್ಮ ರೋಡ್ ಟ್ಯಾಕ್ಸ್ ಈ ಜಿಎಸ್‌ಟಿ ಸೇರಿದ ಬೆಲೆಯ ಮೇಲೆ ಬೀಳುವುದರಿಂದ ಇನ್ನೂ ಸುಮಾರು 8,800. ಥರ್ಡ್ ಪಾರ್ಟಿ ವಿಮೆ 350 ದಾಟಿದರೆ ಐದು ವರ್ಷಕ್ಕೆ 15,117, ಅಂದರೆ ಮತ್ತೆ 7,700ಕ್ಕೂ ಜಾಸ್ತಿ. ಒಟ್ಟು 60 ಸಾವಿರ ದಾಟಿತು. ತೆರಿಗೆಗೆ ಮೊದಲು ಎರಡೂ ಗಾಡಿ ಒಂದೇ ಬೆಲೆಯವು, ನೆನಪಿರಲಿ. ಈ 60 ಸಾವಿರದಲ್ಲಿ ನಿಮಗೆ ಒಂದು ಬೋಲ್ಟ್ ಕೂಡ ಜಾಸ್ತಿ ಸಿಗುವುದಿಲ್ಲ.

ಗೆರೆಯ ಈಚೆ ಈಗ ಒಳ್ಳೆಯ ಗಾಡಿಗಳೇ ಇವೆ. ರಾಯಲ್ ಎನ್‌ಫೀಲ್ಡ್ ಮೀಟಿಯರ್ 349 ಸಿಸಿ, ಸುಜುಕಿ ವಿ-ಸ್ಟ್ರೋಮ್ ಎಸ್‌ಎಕ್ಸ್ 249, ಟಿವಿಎಸ್ ಅಪಾಚೆ ಆರ್‌ಟಿಎಕ್ಸ್ 299. ಆಚೆ ಹಿಮಾಲಯನ್ 452, ಹೋಂಡಾ ಎನ್‌ಎಕ್ಸ್ 471, ಸೂಪರ್ ಮೀಟಿಯರ್ 648. ಆಚೆಯವು ಕೆಟ್ಟವು ಅಂತ ನಾನು ಹೇಳುತ್ತಿಲ್ಲ. ಆಚೆ ಹೋಗುವುದಕ್ಕೆ ನಿಮ್ಮ ಹತ್ತಿರ ಒಂದು ಕಾರಣ ಇರಬೇಕು, ಅಷ್ಟೇ.

ಸೊಲ್ಲಾಪುರದಲ್ಲೋ ಜಹೀರಾಬಾದ್‌ನಲ್ಲೋ ತಗೊಂಡು ಅಲ್ಲೇ ನಂಬರ್ ಹಾಕಿಸಿದ್ರೆ ಟ್ಯಾಕ್ಸ್ ಉಳಿಯುತ್ತಲ್ಲ?

ಬೀದರ್, ಭಾಲ್ಕಿ, ಬಸವಕಲ್ಯಾಣದವರ ಕಾಯಂ ಪ್ರಶ್ನೆ ಇದು. ಗಡಿ ಮನೆ ಹಿತ್ತಲಲ್ಲೇ ಇದ್ದರೆ ಆಸೆ ಆಗುವುದು ಸಹಜ. ಆದರೆ ಮೋಟಾರು ವಾಹನ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ನೀವು ಎಲ್ಲಿ ಇರುತ್ತೀರೋ, ಅಥವಾ ಗಾಡಿ ಸಾಮಾನ್ಯವಾಗಿ ಎಲ್ಲಿ ನಿಲ್ಲುತ್ತದೋ ಅಲ್ಲೇ ನೋಂದಣಿ. ಬೇರೆ ರಾಜ್ಯದ ಗಾಡಿಯನ್ನು ಇಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ 47ನೇ ಸೆಕ್ಷನ್ ಪ್ರಕಾರ ಇಲ್ಲಿನ ನಂಬರ್‌ಗೆ ಬದಲಿಸಬೇಕು. ಆಗ ಇಲ್ಲಿನ ಟ್ಯಾಕ್ಸ್ ಕಟ್ಟಿ, ಅಲ್ಲಿ ಕಟ್ಟಿದ್ದನ್ನು ವಾಪಸ್ ಕೇಳಲು ಓಡಾಡಬೇಕು. ಸುಳ್ಳು ಬಾಡಿಗೆ ಕರಾರು ಮಾಡಿಸಿ ಉಳಿಸಿದ ರೊಕ್ಕ, ಮುಂದೆ ಅಪಘಾತದ ಕ್ಲೈಮ್ ಬಂದಾಗ ಎದೆ ಡವಡವ ಅನ್ನಿಸುವುದಕ್ಕೆ ಸಮ. ಕೆಎ 32, 33, 38, 39, 56, ನಿಮ್ಮದು ಯಾವುದೋ ಅದನ್ನೇ ಹಾಕಿಸಿ. ವರ್ಗಾವಣೆ ಆಗುವ ಕೇಂದ್ರ ಸರ್ಕಾರಿ ನೌಕರರು ದೇಶವೆಲ್ಲ ನಡೆಯುವ ಬಿಎಚ್ ನಂಬರ್ ಬಗ್ಗೆ ಆರ್‌ಟಿಒದಲ್ಲಿ ವಿಚಾರಿಸಬಹುದು, ಅದರಲ್ಲಿ ಟ್ಯಾಕ್ಸ್ ಎರಡೆರಡು ವರ್ಷಕ್ಕೆ ಕಟ್ಟುತ್ತಾ ಹೋಗಬಹುದು.

ಬೆಲೆ ಜಾಸ್ತಿ ಅಂದ್ರೆ ಗಾಡಿನೂ ಜಾಸ್ತಿ ಒಳ್ಳೇದಲ್ವಾ?

ಗಾಡಿ ಒಳ್ಳೆಯದಿರಬಹುದು. ನಿಮಗೆ ಒಳ್ಳೆಯದಾ ಅನ್ನುವುದನ್ನು ಬೇರೆ ಕಡೆ ಅಳೆಯಬೇಕು. ನನ್ನ ಅಳತೆಗೋಲು ಒಂದೇ: ವರ್ಷಕ್ಕೆ ಎಷ್ಟು ದಿನ ನೀವು ನಿಜವಾಗಿ ದೂರ ಹೋಗುತ್ತೀರಿ?

ಇದಕ್ಕೆ ಎಲ್ಲರೂ ಸುಳ್ಳು ಹೇಳುತ್ತಾರೆ, ನಾನೂ ಹೇಳಿದ್ದೆ. "ತಿಂಗಳಿಗೆ ಎರಡು ಸಲ ಹೋಗ್ತೀನಿ" ಅಂದಿದ್ದೆ. ಆಮೇಲೆ ಫೋನಿನ ಫೋಟೊಗಳನ್ನು ತಾರೀಖಿನ ಪ್ರಕಾರ ನೋಡಿದೆ. ಒಂದು ವರ್ಷದಲ್ಲಿ ಬೀದರ್ ಕೋಟೆ ಒಂದು ಸಲ, ಚಂದ್ರಂಪಳ್ಳಿ ಡ್ಯಾಮ್ ಒಂದು ಸಲ, ಗಾಣಗಾಪುರ ಎರಡು ಸಲ, ಹಂಪಿ ಮೂರು ದಿನ, ನಾರಾಯಣಪುರ ಒಂದು ಸಲ. ಕೂಡಿಸಿದರೆ ಎಂಟು ದಿನ. ಉಳಿದ ದಿನ ಆ ಗಾಡಿ ಸೂಪರ್ ಮಾರ್ಕೆಟ್‌ಗೆ ಹೋಗಿ ಕೊತ್ತಂಬರಿ ತಂದಿದೆ.

ಈಗ ಗುಣಿಸಿ. ಆನ್‌ರೋಡ್ 3,90,000 ಕೊಟ್ಟು, ಐದು ವರ್ಷದ ಮೇಲೆ ಒಂದೂವರೆ ಲಕ್ಷಕ್ಕೆ ಮಾರಿದಿರಿ ಅಂತಿಟ್ಟುಕೊಳ್ಳಿ. ಕರಗಿದ್ದು 2,40,000, ವರ್ಷಕ್ಕೆ 48,000. ಎಂಟು ದಿನ ಸುತ್ತಿದರೆ ದಿನಕ್ಕೆ 6,000, ಪೆಟ್ರೋಲ್ ಬಿಟ್ಟು. ಅದೇ 2,55,000ದ ಗಾಡಿ ಐದು ವರ್ಷಕ್ಕೆ 1 ಲಕ್ಷಕ್ಕೆ ಹೋದರೆ ವರ್ಷಕ್ಕೆ 31,000, ದಿನಕ್ಕೆ ಸುಮಾರು 3,900. ಈ 2,100 ರೂಪಾಯಿ ಅಂತರದಲ್ಲಿ ಹಂಪಿಯಲ್ಲಿ ಗಂಡ ಹೆಂಡತಿ ಒಂದು ಒಳ್ಳೆಯ ರೂಮಿನಲ್ಲಿ ಉಳಿದು ಊಟ ಮಾಡಬಹುದು. ಆದರೆ ನೀವು ವರ್ಷಕ್ಕೆ ಮೂವತ್ತು ದಿನ ಸುತ್ತುವವರಾದರೆ ದುಬಾರಿ ಗಾಡಿಯೂ ದಿನಕ್ಕೆ 1,600ಕ್ಕೆ ಇಳಿಯುತ್ತದೆ. ಆಗ ಅಂತರ ಬರೀ ಐನೂರು ಅರುನೂರು. ಅಂಥವರು ದೊಡ್ಡ ಗಾಡಿಯನ್ನೇ ತಗೊಳ್ಳಲಿ, ಧಾರಾಳವಾಗಿ. ಮಾರುವ ಬೆಲೆ ನಾನು ಅಂದಾಜು ಹಾಕಿದ್ದು, ನಿಮ್ಮ ಅಂದಾಜು ಹಾಕಿ ನೋಡಿ. ಲೆಕ್ಕದ ದಾರಿ ಮಾತ್ರ ಇದೇ.

ಲಡಾಖ್‌ಗೆ ಒಂದೇ ಒಂದು ಸಲ ಹೋಗಬೇಕು ಅಂತ ದೊಡ್ಡ ಎಂಜಿನ್ ತಗೊಳ್ಳುವವರು ಇದ್ದಾರೆ. ಅಲ್ಲಿಗೆ ಹೋಗಿ ಬಾಡಿಗೆ ಹಿಡಿದರೆ ಆ ಹತ್ತು ದಿನಕ್ಕೆ ಎಷ್ಟಾಗುತ್ತದೆ ಅಂತ ಮೊದಲು ಕೇಳಿ.

40 ಹಾರ್ಸ್‌ಪವರ್ ಬೇಕಾ, 20 ಸಾಕಾ?

ದ್ವಿಚಕ್ರ ವಾಹನಕ್ಕೆ ಕೇಂದ್ರ ಸರ್ಕಾರ 2018ರಲ್ಲಿ ಇಟ್ಟ ಗರಿಷ್ಠ ವೇಗ ನಾಲ್ಕು ಪಥದ ಹೆದ್ದಾರಿಯಲ್ಲಿ 80 ಕಿ.ಮೀ., ಉಳಿದ ರಸ್ತೆಗಳಲ್ಲಿ 60. ಕಾನೂನು ಬಿಡಿ, ನಮ್ಮ ರಸ್ತೆಯೇ ಬಿಡಬೇಕಲ್ಲ. ಸೇಡಂ, ವಾಡಿ ಕಡೆ ಸಿಮೆಂಟ್ ಲಾರಿಗಳ ಸಾಲು. ಅಫಜಲಪುರ, ಆಳಂದ ಕಡೆ ಕಬ್ಬಿನ ಸೀಸನ್‌ನಲ್ಲಿ ಎರಡೆರಡು ಟ್ರೈಲರ್ ಎಳೆಯುವ ಟ್ರ್ಯಾಕ್ಟರ್‌ಗಳು, ಹಿಂದೆ ಒಂದು ಕೆಂಪು ದೀಪವೂ ಇರುವುದಿಲ್ಲ. ಊರು ಬಂತು ಅಂದರೆ ಬಣ್ಣ ಹೋದ ಹಂಪ್.

ಜಾಸ್ತಿ ಪವರ್ ಬೇಕಾಗುವುದು ಲಾರಿ ದಾಟುವ ಆ ನಾಲ್ಕು ಸೆಕೆಂಡಿಗೆ, ಅದೂ ಹಿಂದೆ ಒಬ್ಬರು ಕೂತು ಎರಡು ಬ್ಯಾಗ್ ಕಟ್ಟಿದಾಗ. ಹುಮನಾಬಾದ್ ದಾಟಿ ಹೈದರಾಬಾದ್ ಹೆದ್ದಾರಿ ಹಿಡಿದು ಪದೇ ಪದೇ ಹೋಗುವವರಿಗೆ 25ರ ಮೇಲಿದ್ದರೆ ನೆಮ್ಮದಿ. ಒಬ್ಬರೇ ನಿಧಾನಕ್ಕೆ ಸುತ್ತುವವರಿಗೆ 20 ಧಾರಾಳ.

ಹಿಂದಿನ ಸೀಟಿನ ಬಗ್ಗೆ ಯಾರೂ ಹೇಳಲ್ಲವಲ್ಲ?

ಬೈಕ್ ಬಗ್ಗೆ ಮಾತಾಡುವವರೆಲ್ಲ ಮುಂದೆ ಕೂಡುವವರೇ, ಅದಕ್ಕೆ. ನನ್ನ ಎರಡನೇ ಗಾಡಿ ನೋಡೋಕೆ ಭಾರಿ ಚಂದ. ಮೊದಲ ಸಲ ಮನೆಯಾಕೆಯನ್ನು ಕೂಡಿಸಿಕೊಂಡು ಬೀದರ್‌ಗೆ ಹೊರಟೆ, ಸುಮಾರು 110 ಕಿ.ಮೀ. ಕಮಲಾಪುರ ದಾಟುವಾಗಲೇ ಭುಜದ ಮೇಲಿನ ಕೈ ಬಿಗಿಯಾಯಿತು. ಹುಮನಾಬಾದ್‌ನಲ್ಲಿ ಚಹಾಕ್ಕೆ ನಿಲ್ಲಿಸಿದೆ. ಇಳಿದವಳು ಕೂಡಲಿಲ್ಲ, ಲೋಟ ಹಿಡಿದುಕೊಂಡು ನಿಂತೇ ಕುಡಿದಳು. ಆಮೇಲೆ ಸೀಟನ್ನು ಎರಡು ಬೆರಳಿಂದ ಒತ್ತಿ ನೋಡಿ, "ಇಷ್ಟು ರೊಕ್ಕಾ ಕೊಟ್ಟು ಕೂಡ್ಲಿಕ್ಕ ಮಣಿ ತಂದೀರೇನು?" ಅಂದಳು. ವಾಪಸ್ ಬರುವಾಗ ಬಸ್ ಹತ್ತುತ್ತೇನೆ ಅಂದವಳನ್ನು ಒಪ್ಪಿಸುವಷ್ಟರಲ್ಲಿ ಸಾಕಾಯಿತು.

ಆ ಸೀಟಿನ ಅಗಲ, ಹಿಂದಿನ ಫುಟ್‌ರೆಸ್ಟ್ ಎಷ್ಟು ಎತ್ತರ, ಹಿಡಿಯೋಕೆ ಕಂಬಿ ಇದೆಯಾ, ಇದನ್ನೆಲ್ಲ ನಾನು ನೋಡಿಯೇ ಇರಲಿಲ್ಲ. ಸೀರೆ ಉಟ್ಟವರು ಒಂದೇ ಕಡೆ ಕಾಲು ಹಾಕಿ ಕೂಡುವ ಹಾಗಿದೆಯಾ ಅಂತಲೂ ನೋಡಿ. ಹೆಂಡತಿಯೋ ತಾಯಿಯೋ ತಂಗಿಯೋ ಕೂಡುವ ಗಾಡಿಯಾದರೆ ಅವರನ್ನು ಶೋರೂಮ್‌ಗೆ ಕರೆದುಕೊಂಡು ಹೋಗಿ. ಒಬ್ಬರೇ ಕೂಡಬೇಕಾದ ಟೂರಿಂಗ್ ಗಾಡಿಯ ಮೌಲ್ಯ ನನ್ನ ಲೆಕ್ಕದಲ್ಲಿ ಅಲ್ಲೇ ಅರ್ಧ ಬಿತ್ತು.

ನಮ್ಮ ರಸ್ತೆಗೆ ಅಲಾಯ್ ಚಕ್ರನಾ, ಕಡ್ಡಿ ಚಕ್ರನಾ? ಅಡ್ವೆಂಚರ್ ಗಾಡಿಗೆ ಜಾಸ್ತಿ ರೊಕ್ಕ ಕೊಡಬೇಕಾ?

ಟಾರ್ ರಸ್ತೆಯಲ್ಲೇ ಓಡಾಡುವವರಿಗೆ 19 ಇಂಚಿನ ಮುಂದಿನ ಅಲಾಯ್ ಚಕ್ರ, ಟ್ಯೂಬ್‌ಲೆಸ್ ಟೈರ್. ಇದೇ ಒಳ್ಳೆಯ ಹೊಂದಾಣಿಕೆ. 17 ಇಂಚು ಗುಂಡಿಯಲ್ಲಿ ಇಳಿದುಬಿಡುತ್ತದೆ. 21 ಇಂಚಿನ ಕಡ್ಡಿ ಚಕ್ರ ಕಲ್ಲಿನ ದಾರಿಗೆ ಚೆನ್ನ, ಆದರೆ ಬಹಳ ಗಾಡಿಗಳಲ್ಲಿ ಒಳಗೆ ಟ್ಯೂಬ್ ಇರುತ್ತದೆ. ಟ್ಯೂಬ್‌ಲೆಸ್ ಪಂಚರ್ ಆದರೆ ನೂರಿನ್ನೂರು ರೂಪಾಯಿಯ ಕಿಟ್ ಇಟ್ಟುಕೊಂಡು ರಸ್ತೆ ಬದಿಯಲ್ಲೇ ನೀವೇ ಹಾಕಬಹುದು. ಟ್ಯೂಬ್ ಆದರೆ ಚಕ್ರ ಬಿಚ್ಚಬೇಕು. ಹಾಗಂತ ಹಳ್ಳಿಯ ಪಂಚರ್ ಅಂಗಡಿಯವನಿಗೆ ಟ್ಯೂಬ್ ಮಾಡುವುದು ಎಡಗೈ ಕೆಲಸ, ಇದೂ ನಿಜ.

ಇದಕ್ಕಿಂತ ದೊಡ್ಡ ವಿಷಯ ನಮ್ಮ ಎರೆ ಮಣ್ಣು. ಒಂದು ಸಲ ಜುಲೈನಲ್ಲಿ ಸನ್ನತಿಗೆ ಹೋಗಿದ್ದೆ, ಕನಗನಹಳ್ಳಿಯ ಸ್ತೂಪ, ಅಶೋಕನ ಶಿಲ್ಪ ನೋಡಿ ವಾಪಸ್ ಬರುವಾಗ ಹತ್ತಿರದ ದಾರಿ ಅಂತ ಹೊಲದ ಹಾದಿ ಹಿಡಿದೆ. ಸಣ್ಣ ಮಳೆ ಬಿದ್ದಿತ್ತು, ಅಷ್ಟೇ. ಇನ್ನೂರು ಹೆಜ್ಜೆ ಹೋಗುವುದರಲ್ಲಿ ಮುಂದಿನ ಚಕ್ರ ತಿರುಗುವುದೇ ನಿಂತಿತು. ಮಡ್‌ಗಾರ್ಡ್ ಮತ್ತು ಟೈರಿನ ನಡುವೆ ಕರಿ ಮಣ್ಣು ಹಿಟ್ಟಿನ ಹಾಗೆ ಗಟ್ಟಿಯಾಗಿ ತುಂಬಿಕೊಂಡಿತ್ತು. ಗಾಡಿ ತಳ್ಳಿದರೆ ಚಕ್ರ ಉರುಳದೆ ಜಾರುತ್ತಿತ್ತು. ಬದುವಿನ ಮೇಲೆ ಬಿದ್ದಿದ್ದ ಒಣ ತೊಗರಿ ಕಟ್ಟಿಗೆ ತಗೊಂಡು ಕೆರೆಯುತ್ತಾ ಕೂತೆ. ಹೊಲದವನೊಬ್ಬ ಬಂದು ನೋಡಿ, "ತಮ್ಮಾ, ಎರಿ ಭೂಮ್ಯಾಗ ಮಳಿ ಬಂದ್ರ ಎತ್ತಿನ ಬಂಡಿನೇ ನಡಿಯಂಗಿಲ್ಲ, ನಿನ್ನ ಗಾಡಿ ಏನ್ ನಡೀತದ?" ಅಂದ. ಮಣ್ಣು ಕೆರೆದು, ತಳ್ಳಿ, ಮತ್ತೆ ಕೆರೆದು, ಟಾರ್ ರಸ್ತೆ ಮುಟ್ಟುವಷ್ಟರಲ್ಲಿ ಒಂದೂವರೆ ತಾಸು.

ಟೈರಿಗೆ ಅಂಟಿಕೊಂಡಂತಿರುವ ಮಡ್‌ಗಾರ್ಡ್‌ಗಿಂತ ಎತ್ತರದಲ್ಲಿರುವ ಕೊಕ್ಕಿನಂಥ ಮಡ್‌ಗಾರ್ಡ್ ಇಂಥ ಹೊತ್ತಿಗೆ ಬೆಲೆ ಬಾಳುತ್ತದೆ. ತೂಕವೂ ಅಷ್ಟೇ. 167 ಕಿಲೊದ ವಿ-ಸ್ಟ್ರೋಮ್ ಎಸ್‌ಎಕ್ಸ್ ತಳ್ಳುವುದು ಬೇರೆ, 241 ಕಿಲೊದ ಸೂಪರ್ ಮೀಟಿಯರ್ ತಳ್ಳುವುದು ಬೇರೆ. ಹೊಲದ ಹಾದಿ ಬೇಡ, ನಿಮ್ಮ ಓಣಿಯಿಂದ ಮೆಟ್ಟಿಲ ಮೇಲೆ ಹಲಗೆ ಇಟ್ಟು ಅಂಗಳಕ್ಕೆ ಹತ್ತಿಸುತ್ತೀರಲ್ಲ, ಅದನ್ನೇ ದಿನಾ ಮಾಡಬೇಕು ಅಂತ ಯೋಚಿಸಿ.

ಮೇ ತಿಂಗಳ ಬಿಸಿಲಿಗೆ ಯಾವುದು ತಡೆಯುತ್ತೆ?

ಗಾಡಿಗಳೆಲ್ಲ ತಡೆಯುತ್ತವೆ. ನೀವು ತಡೆಯುತ್ತೀರಾ ಅನ್ನುವುದೇ ಪ್ರಶ್ನೆ. 43 ಡಿಗ್ರಿಯಲ್ಲಿ ಪಟೇಲ್ ಸರ್ಕಲ್ ಸಿಗ್ನಲ್‌ಗೆ ನಿಂತಾಗ ಲಿಕ್ವಿಡ್ ಕೂಲ್ ಗಾಡಿಯ ಫ್ಯಾನ್ ತಿರುಗಿ ಬಿಸಿ ಗಾಳಿಯನ್ನು ಕಾಲಿನ ಮೇಲೆ ಬಿಟ್ಟರೆ ಒಲೆ ಮುಂದೆ ಕೂತ ಹಾಗಿರುತ್ತದೆ. ಕೆಲವು ಗಾಡಿಯಲ್ಲಿ ಆ ಗಾಳಿ ಪಕ್ಕಕ್ಕೆ ಹೋಗುತ್ತದೆ, ಕೆಲವದರಲ್ಲಿ ಮೊಣಕಾಲಿಗೇ ಬಡಿಯುತ್ತದೆ. ಚಳಿಗಾಲದ ಟೆಸ್ಟ್ ರೈಡ್‌ನಲ್ಲಿ ಇದು ಗೊತ್ತಾಗುವುದೇ ಇಲ್ಲ. ಈಗಾಗಲೇ ಆ ಗಾಡಿ ಇರುವ ಯಾರನ್ನಾದರೂ ಬೇಸಿಗೆಯ ಬಗ್ಗೆ ಕೇಳಿ.

ಸರ್ವಿಸ್ ಸೆಂಟರ್ ಹೈದರಾಬಾದ್‌ನಲ್ಲಿದೆ, ಪರವಾಗಿಲ್ವಾ?

ನನ್ನ ಕೇಳಿದರೆ, ಮೌಲ್ಯದ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ.

ಕಟ್ಟಿಸಂಗಾವಿ ಸೇತುವೆ ಹತ್ತಿರ, ಭೀಮಾ ನದಿ ದಂಡೆಗೆ ಇಳಿಯುವ ಮಣ್ಣು ದಾರಿಯಲ್ಲಿ ನನ್ನ ಎರಡನೇ ಗಾಡಿ ನಿಂತಲ್ಲೇ ವಾಲಿ ಬಿತ್ತು. ನನಗೇನೂ ಆಗಲಿಲ್ಲ. ಕ್ಲಚ್ ಲಿವರ್ ಮುರಿಯಿತು, ಅದನ್ನು ಹಿಡಿದಿರುವ ಬ್ರಾಕೆಟ್ ಕೂಡ ಬಿರುಕು ಬಿಟ್ಟಿತು. ಕಂಪನಿ ಹೆಸರು ಬೇಡ. ಪಾರ್ಟ್ ಇಲ್ಲ, ಆರ್ಡರ್ ಹಾಕಬೇಕು ಅಂದರು. ಇವತ್ತು ಬರುತ್ತೆ, ನಾಳೆ ಬರುತ್ತೆ ಅನ್ನುತ್ತಾ 23 ದಿನ ಕಳೆಯಿತು. ಆ 23 ದಿನ ಗಾಡಿಯ ಕಂತು ಮಾತ್ರ ಒಂದು ದಿನವೂ ತಡವಾಗದೆ ಬ್ಯಾಂಕ್ ಖಾತೆಯಿಂದ ಹೋಯಿತು. ನಮ್ಮ ಓಣಿಯ ಮೆಕ್ಯಾನಿಕ್ ಬಂದು ನೋಡಿ, "ಅಣ್ಣಾ, ಇದು ಹೀರೊ ಗಾಡಿ ಆಗಿದ್ರ ಸಂಜಿಕ್ಕ ಹಚ್ಚಿ ಕೊಡ್ತಿದ್ದೆ" ಅಂದು ಹೋದ.

ದೂರದ ಸರ್ವಿಸ್‌ಗೂ ಬೆಲೆ ಇದೆ. ಕಲಬುರಗಿಯಿಂದ ಹೈದರಾಬಾದ್ ಸುಮಾರು 220 ಕಿ.ಮೀ. ಹೋಗಿ ಬರುವುದು 440. ಲೀಟರ್‌ಗೆ 30 ಕೊಡುವ ಗಾಡಿಗೆ 15 ಲೀಟರ್ ಪೆಟ್ರೋಲ್, ಅಂದರೆ 1,500 ರೂಪಾಯಿ. ಒಂದು ದಿನ ರಜೆ. ಅವತ್ತೇ ಗಾಡಿ ಕೊಡದಿದ್ದರೆ ಲಾಡ್ಜು. ವರ್ಷಕ್ಕೆ ಮೂರು ಸಲ ಅಂದರೆ ಐದು ವರ್ಷಕ್ಕೆ ಬರೀ ಪೆಟ್ರೋಲೇ 22 ಸಾವಿರ ದಾಟುತ್ತದೆ. ಬೀದರ್‌ನವರಿಗೆ ಹೈದರಾಬಾದ್ ಸುಮಾರು 140 ಕಿ.ಮೀ., ಅವರಿಗೆ ಈ ಲೆಕ್ಕ ಸ್ವಲ್ಪ ಹಗುರ. ಯಾದಗಿರಿಯವರು ಕಲಬುರಗಿಯಲ್ಲೋ ರಾಯಚೂರಲ್ಲೋ ಸರ್ವಿಸ್ ಇರುವುದನ್ನೇ ನೋಡಿದರೆ ಒಳ್ಳೆಯದು.

ಗಾಡಿ ಬುಕ್ ಮಾಡುವ ಮೊದಲು ಶೋರೂಮಿನ ಮುಂಬಾಗಿಲು ಬಿಟ್ಟು ಹಿಂದಿನ ಸರ್ವಿಸ್ ಶೆಡ್‌ಗೆ ಹೋಗಿ. ಧೂಳು ಹಿಡಿದು ನಿಂತ ನಿಮ್ಮ ಮಾಡಲ್‌ನ ಗಾಡಿಗಳು ಎಷ್ಟಿವೆ ನೋಡಿ. ಬಿಡಿಭಾಗದ ಕೌಂಟರ್‌ನಲ್ಲಿ ಕ್ಲಚ್ ಲಿವರ್, ಬ್ರೇಕ್ ಪ್ಯಾಡ್, ಇಂಡಿಕೇಟರ್, ಏರ್ ಫಿಲ್ಟರ್ ಈ ನಾಲ್ಕರ ಬೆಲೆ ಕೇಳಿ, ಈಗ ಸ್ಟಾಕ್ ಇದೆಯಾ ಕೇಳಿ. ಕೊಡುವವನ ಮುಖದಲ್ಲೇ ಉತ್ತರ ಇರುತ್ತದೆ.

ಮೈಲೇಜ್ ನೋಡಬೇಕಾ?

ನೋಡಿ, ಆದರೆ ತಲೆ ಕೆಡಿಸಿಕೊಳ್ಳಬೇಡಿ. ವರ್ಷಕ್ಕೆ 10,000 ಕಿ.ಮೀ. ಓಡಿಸಿದರೆ 30 ಕೊಡುವ ಗಾಡಿಗೂ 40 ಕೊಡುವ ಗಾಡಿಗೂ 83 ಲೀಟರ್ ವ್ಯತ್ಯಾಸ, 8 ಸಾವಿರ ಚಿಲ್ಲರೆ. ಐದು ವರ್ಷಕ್ಕೆ 40 ಸಾವಿರ. ಎಂಟು ಸಾವಿರ ಕಿ.ಮೀ. ಕೂಡ ಓಡಿಸದವರು ಇದನ್ನು ಬಿಟ್ಟು ಸೀಟು ನೋಡಲಿ.

ಕಂತಿನಲ್ಲಿ ತಗೊಂಡ್ರೆ 8% ಬಡ್ಡಿ ಅಂತಾರೆ. ಕಡಿಮೆನೇ ಅಲ್ವಾ?

"ಫ್ಲ್ಯಾಟ್ ಏನ್ರೀ, ರೆಡ್ಯೂಸಿಂಗ್ ಏನ್ರೀ?" ಈ ಒಂದು ಮಾತು ಕೇಳಿ. 2 ಲಕ್ಷ ಸಾಲ, ಮೂರು ವರ್ಷ, ಫ್ಲ್ಯಾಟ್ 8% ಅಂದರೆ ಬಡ್ಡಿ 48,000, ತಿಂಗಳ ಕಂತು ಸುಮಾರು 6,889. ನೀವು ಪ್ರತಿ ತಿಂಗಳು ಅಸಲು ತೀರಿಸುತ್ತಾ ಬಂದರೂ ಬಡ್ಡಿ ಮಾತ್ರ ಕೊನೆವರೆಗೂ ಪೂರಾ 2 ಲಕ್ಷದ ಮೇಲೆ. ಉಳಿದ ಅಸಲಿನ ಮೇಲೆ ಮಾತ್ರ ಲೆಕ್ಕ ಹಾಕುವುದು ರೆಡ್ಯೂಸಿಂಗ್. ಹಾಗೆ ನೋಡಿದರೆ ಇದು ಹದಿನಾಲ್ಕೂವರೆ ಪರ್ಸೆಂಟ್ ಬಡ್ಡಿಗೆ ಸಮ. ಬ್ಯಾಂಕಿನಲ್ಲಿ ರೆಡ್ಯೂಸಿಂಗ್ 11% ಅಂದರೆ ಕಿವಿಗೆ ಜಾಸ್ತಿ ಕೇಳುತ್ತದೆ, ಜೇಬಿಗೆ ಕಡಿಮೆ.

ಗೆಳೆಯನೊಬ್ಬ ತೊಗರಿ ಮಾರಿದ ರೊಕ್ಕದಲ್ಲಿ ಮುಕ್ಕಾಲು ಕಟ್ಟಿ ಉಳಿದದ್ದಕ್ಕೆ ಸಣ್ಣ ಸಾಲ ಮಾಡಿದ. ಹೊಲ ಇದ್ದವರಿಗೆ ಇದು ಸರಿಯಾದ ದಾರಿ. ಸಾಲ ತೀರಿದ ಮೇಲೆ ಫಾರ್ಮ್ 35 ಮತ್ತು ಬ್ಯಾಂಕಿನ ಎನ್‌ಒಸಿ ಕೊಟ್ಟು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿ. ಬಹಳ ಜನ ಮರೆಯುತ್ತಾರೆ, ಮಾರುವ ದಿನ ನೆನಪಾಗುತ್ತದೆ.

ಟಾಪ್ ಮಾಡಲ್‌ಗೆ 25 ಸಾವಿರ ಜಾಸ್ತಿ. ಕೊಡಬೇಕಾ?

ಬ್ರೇಕ್, ಟೈರ್, ದೀಪಕ್ಕೆ ಜಾಸ್ತಿ ಕೇಳಿದರೆ ಕೊಡಿ. ಬಣ್ಣಕ್ಕೆ, ಸ್ಟಿಕ್ಕರ್‌ಗೆ ಕೊಡಬೇಡಿ. 125 ಸಿಸಿ ಮೇಲಿನ ಗಾಡಿಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ. ಆದರೆ ಒಂದೇ ಚಕ್ರಕ್ಕಿದೆಯಾ, ಎರಡಕ್ಕೂ ಇದೆಯಾ ನೋಡಿ. ಸಾಮಾನು ಹೇರಿಕೊಂಡು ದೂರ ಹೋಗುವ ಗಾಡಿಗೆ ಎರಡಕ್ಕೂ ಇರಬೇಕು. ಪರದೆ ಮೇಲೆ ಮ್ಯಾಪ್ ಬರುತ್ತದೆ ಅನ್ನುವುದಕ್ಕೆ ನಾನು ರೊಕ್ಕ ಕೊಡುವುದಿಲ್ಲ. ಇನ್ನೂರು ರೂಪಾಯಿಯ ಫೋನ್ ಹೋಲ್ಡರ್ ಸಾಕು. ಅದೂ ಬೇಡ, ಚಿಂಚೋಳಿ ಕಾಡಿನಲ್ಲಿ ದಾರಿ ಕೇಳಿದರೆ ಜನ ಗಾಡಿ ಹಿಂದೆ ಕೂತೇ ತೋರಿಸುತ್ತಾರೆ.

ಉಳಿದ ರೊಕ್ಕ ಹೆಲ್ಮೆಟ್‌ಗೆ ಹಾಕಿ, ಐಎಸ್‌ಐ ಗುರುತು ಇರುವುದಕ್ಕೆ. ಹಿಂದೆ ಕೂಡುವವರಿಗೂ ಅಂಥದ್ದೇ ಒಂದು. ಗವಾಕ್ಷಿಯ ಹಾಗೆ ಗಾಳಿ ಆಡುವ ಮೆಶ್ ಜಾಕೆಟ್, ಕೈಗವಸು. ದಪ್ಪ ಚರ್ಮದ ಜಾಕೆಟ್ ತಗೊಂಡವರು ನಮ್ಮ ಕಡೆ ಅದನ್ನು ಮೊಳೆಗೆ ನೇತುಹಾಕಿದ್ದನ್ನೇ ನಾನು ನೋಡಿದ್ದು.

ಹೊಸದು ಬಿಟ್ಟು ಎರಡು ವರ್ಷ ಓಡಿದ್ದು ತಗೊಂಡ್ರೆ?

ಬಹಳ ಸಲ ಜಾಣತನ. ವಿಮೆಯವರ ಪಟ್ಟಿಯಲ್ಲೇ ಗಾಡಿಯ ಬೆಲೆ ಎರಡನೇ ವರ್ಷ ಮುಗಿಯುವಾಗ 20% ಕಡಿಮೆ, ಮೂರನೇ ವರ್ಷಕ್ಕೆ 30% ಕಡಿಮೆ. ಅದು ಎಕ್ಸ್‌ಶೋರೂಮ್ ಬೆಲೆಯ ಮೇಲೆ. ಮೊದಲನೆಯವನು ಕಟ್ಟಿದ ರೋಡ್ ಟ್ಯಾಕ್ಸ್ ಹೆಚ್ಚುಕಡಿಮೆ ನಿಮಗೆ ಪುಕ್ಕಟೆ. ಮುಂದಿನ ಫೋರ್ಕಿನಲ್ಲಿ ಎಣ್ಣೆ ಸೋರಿದ ಗುರುತು, ಚೈನ್ ಸ್ಪ್ರಾಕೆಟ್ ಹಲ್ಲು ಚೂಪಾಗಿದೆಯಾ, ಹ್ಯಾಂಡಲ್ ನೇರ ಇದೆಯಾ ನೋಡಿ. ಹೆಸರು ಬದಲಾಯಿಸಲು ಫಾರ್ಮ್ 29, 30. ಬೇರೆ ರಾಜ್ಯದ ಗಾಡಿ ಆದರೆ ಫಾರ್ಮ್ 28 ಎನ್‌ಒಸಿ ಇಲ್ಲದೆ ಮುಂಗಡ ಕೂಡ ಕೊಡಬೇಡಿ. ಹೈದರಾಬಾದ್‌ನಿಂದ ಅಗ್ಗಕ್ಕೆ ಬರುವ ಗಾಡಿಗಳಿಗೆ ಇಲ್ಲಿನ ಟ್ಯಾಕ್ಸ್ ಸೇರಿಸಿ ನೋಡಿದರೆ ಆ ಅಗ್ಗ ಉಳಿಯುವುದು ಅಪರೂಪ.

ಯಾವಾಗ ತಗೊಂಡ್ರೆ ಕಡಿಮೆಗೆ ಸಿಗುತ್ತೆ?

ದಸರಾ, ದೀಪಾವಳಿಗೆ ಆಫರ್ ಬರುತ್ತದೆ, ಜನಸಂದಣಿಯೂ ಬರುತ್ತದೆ. ಡಿಸೆಂಬರ್ ಕೊನೆಗೆ ಹೋದರೆ ಹಳೆ ವರ್ಷದ ಸ್ಟಾಕ್ ಖಾಲಿ ಮಾಡುವ ಆತುರ ಅವರಿಗಿರುತ್ತದೆ. ಆರ್‌ಸಿಯಲ್ಲಿ ತಯಾರಾದ ತಿಂಗಳು, ವರ್ಷ ಬರುತ್ತದೆ, ಮುಂದೆ ಕೊಳ್ಳುವವನು ಅದನ್ನೇ ನೋಡಿ ಬೆಲೆ ಇಳಿಸುತ್ತಾನೆ. ಹಾಗಾಗಿ ಐದಾರು ವರ್ಷ ಇಟ್ಟುಕೊಳ್ಳುವವರಿಗೆ ಡಿಸೆಂಬರ್ ಲಾಭ, ಎರಡು ವರ್ಷಕ್ಕೆ ಬದಲಿಸುವವರಿಗೆ ಅಲ್ಲ.

ಟೆಸ್ಟ್ ರೈಡ್ ಅಂತ ಹತ್ತು ನಿಮಿಷ ಕೊಡ್ತಾರೆ. ಅದರಲ್ಲಿ ಏನು ನೋಡೋದು?

ರಿಂಗ್ ರೋಡಿನಲ್ಲಿ ಜೋರಾಗಿ ಓಡಿಸಿ ವಾಪಸ್ ಬಂದರೆ ಏನೂ ಗೊತ್ತಾಗಲ್ಲ. ನಾನು ಜಗತ್ ಸರ್ಕಲ್ ಕಡೆ ತಿರುಗಿಸುತ್ತೇನೆ. ಆಟೊ, ಎಮ್ಮೆ, ತಳ್ಳುಗಾಡಿಗಳ ನಡುವೆ ಎರಡನೇ ಗೇರಿನಲ್ಲಿ ಎಡವದೆ ಹೋಗುತ್ತದಾ, ಕ್ಲಚ್ ಕೈಗೆ ಭಾರ ಆಗುತ್ತದಾ, ಎರಡೂ ಕಾಲು ನೆಲಕ್ಕೆ ಮುಟ್ಟುತ್ತವಾ. ಒಂದು ಹಂಪ್ ಬೇಕಂತಲೇ ಸ್ವಲ್ಪ ಜೋರಾಗಿ ಹತ್ತಿಸಿ. ನಂತರ ನಿಲ್ಲಿಸಿ, ಕೆಳಗಿಳಿದು, ಗಾಡಿಯನ್ನು ಹಿಂದಕ್ಕೆ ಹತ್ತು ಹೆಜ್ಜೆ ತಳ್ಳಿ. ಈ ಹತ್ತು ಹೆಜ್ಜೆಯನ್ನು ಯಾರೂ ಮಾಡುವುದಿಲ್ಲ, ಸೇಲ್ಸ್ ಹುಡುಗ ನಕ್ಕರೂ ಮಾಡಿ.

ಮನೆಯವರನ್ನು ಒಪ್ಪಿಸೋದು ಹೇಗೆ?

ಇದಕ್ಕೆ ನನ್ನ ವಹಿಯಲ್ಲಿ ಪುಟ ಇಲ್ಲ. ನಮ್ಮ ಅಪ್ಪ ಮೊದಲ ಗಾಡಿಗೆ ಒಂದು ವಾರ ಮಾತು ಬಿಟ್ಟಿದ್ದರು, ಎಂಟನೇ ದಿನ ಗಾಣಗಾಪುರಕ್ಕೆ ಕರೆದುಕೊಂಡು ಹೋಗು ಅಂದರು.

ಎಲ್ಲ ಸರಿ, ಕೊನೆಗೆ ನೀವು ಯಾವ ಗಾಡಿ ತಗೊಂಡ್ರಿ?

ಗೆರೆಯ ಈಚೆಯದು. ನಡುವಿನ ಮಾಡಲ್, ಬೂದು ಬಣ್ಣ, ಸರ್ವಿಸ್ ಮನೆಯಿಂದ ನಾಲ್ಕು ಕಿ.ಮೀ. ಹೆಸರು ಹೇಳಿದರೆ ಮೇಲಿನ ಲೆಕ್ಕ ಬಿಟ್ಟು ಅದನ್ನೇ ಹೋಗಿ ಬುಕ್ ಮಾಡುತ್ತೀರಿ, ನಿಮ್ಮ ದಾರಿ ಬೇರೆ ಇರಬಹುದು. ವಹಿಯಲ್ಲಿ ಇವತ್ತಿನವರೆಗೆ 31,400 ಕಿ.ಮೀ. ಇದೆ. ಎರಡು ಹಿಂದಿನ ಟೈರ್, ಒಂದು ಚೈನ್ ಸ್ಪ್ರಾಕೆಟ್, ಆರು ಪಂಚರ್. ಕಳೆದ ವರ್ಷ ಹೊರಗೆ ಸುತ್ತಿದ್ದು ಹತ್ತೊಂಬತ್ತು ದಿನ. ಅದರಲ್ಲಿ ಹದಿನೈದು ದಿನ ಹಿಂದಿನ ಸೀಟು ಖಾಲಿ ಇರಲಿಲ್ಲ. ಬರುವ ಭಾನುವಾರ ಬಸವಕಲ್ಯಾಣಕ್ಕೆ ಹೊರಟಿದ್ದೇವೆ, ರೊಟ್ಟಿ ಬುತ್ತಿ ಆಕೆ ಕಟ್ಟುತ್ತಾಳೆ, ಚೈನಿಗೆ ಎಣ್ಣೆ ನಾನು ಹಾಕಬೇಕು.